ಎಂಟರ್ ಒತ್ತುವ ತನಕ

ಈಗಷ್ಟೇ ಲ್ಯಾಬಿನಲ್ಲಿ ಒಬ್ಬ ವಿದ್ಯಾರ್ಥಿನಿ ಕೀಬೋರ್ಡ್ ಕುಟ್ಟುತ್ತ, "ಸರ್, ಎಷ್ಟ ಒತ್ತಿದ್ರೂ ಏನೂ ಆಗವಲ್ದರಿ" ಅಂದಳು. ಕಂಪ್ಯೂಟರ್ ಪಾಠ ಹೇಳುವವನಿಗೆ ಇದು ದಿನಾ ಕೇಳುವ ಮಾತೇ, ಬಿಡಿ. ಆದರೂ ಅದು ಕಿವಿಗೆ ಬಿದ್ದರೆ ನನ್ನ ಕಣ್ಣೆದುರು ರೋಸಲಿನ್ ಟೀಚರ್ ಬಂದು ಕೂಡುತ್ತಾರೆ.

ವಿದ್ಯಾನಗರದಲ್ಲಿ ನಮ್ಮ ಹಿಂದಿನ ಓಣಿಯಲ್ಲೇ ಅವರ ಮನೆ. ನನಗೆ ಟೈಪಿಂಗ್ ಕಲಿಸಿದವರು ಅವರು. ಬೆರಳ ಕಡೆ ಕಣ್ಣು ಹೋದರೆ ಸ್ಕೇಲಿನಿಂದ ಮೇಜು ಬಡಿದು, "ಕಣ್ಣ ಕಾಗದದ ಮ್ಯಾಲಿರ್ಲಿ. ಬೆರಳಿಗೆ ತನ್ನ ಮನಿ ಗೊತ್ತೈತಿ" ಎನ್ನುವರು.

ಲಕ್ವಾ ಹೊಡೆದು ಟೀಚರ್ ಮಾತು ನಿಂತಿತು. ಬಲಗೈಯ ತೋರುಬೆರಳೊಂದೇ ಅಲ್ಲಾಡುತ್ತಿತ್ತು. ಅಷ್ಟಿದ್ದರೆ ಸಾಕು ಎಂದು ನಾನು ಪ್ರೋಗ್ರಾಂ ಬರೆಯಲು ಕೂತೆ: ಅವರು ಒಂದು ಕೀ ಒತ್ತಿದರೆ ಆ ಅಕ್ಷರ ಪರದೆಯ ತುಂಬ ಮೂಡಬೇಕು. ಬರೆದದ್ದು ಹ್ಯಾಸ್ಕೆಲ್ ಭಾಷೆಯಲ್ಲಿ. ಅದು ಭಾರಿ ಮಡಿವಂತ ಭಾಷೆ ನೋಡಿ. ತನ್ನ ಕೆಲಸವೆಲ್ಲ ಒಳಮನೆಯಲ್ಲಿ, ಕೀಬೋರ್ಡಿನಂಥ ಹೊರಗಿನವರ ಜೊತೆ ಮಾತೆಲ್ಲ ಕಟ್ಟೆಯ ಮೇಲೆ. ಸುಲಭದ ಭಾಷೆಗಳು ಬೇಕಾದಷ್ಟಿದ್ದವು. ಆದರೆ ನನ್ನ ಜಾಣತನ ತೋರಿಸಬೇಕಿತ್ತಲ್ಲ!

ಬರೆಯುತ್ತ ಬರೆಯುತ್ತ, ಬರೆದದ್ದನ್ನು ಆಗಿಂದಾಗಲೇ ನಡೆಸಿ ತೋರಿಸುವ ಇಂಟರ್‌ಪ್ರಿಟರಿನಲ್ಲಿ ಓಡಿಸಿ ನೋಡಿದಾಗ, ಒತ್ತಿದ ಕೂಡಲೇ ಅಕ್ಷರ ಬರುತ್ತಿತ್ತು. ಅದನ್ನು ಕಂಪೈಲ್ ಮಾಡಿ, ಅಂದರೆ ತಾನೇ ಓಡುವಂತೆ ಕಟ್ಟಿ, ಮತ್ತೊಮ್ಮೆ ನೋಡದೆ, ಲ್ಯಾಪ್‌ಟಾಪ್ ಬಗಲಲ್ಲಿಟ್ಟುಕೊಂಡು ಹೋದೆ.

ಟೀಚರ್ ಒತ್ತಿದರು. ಪರದೆ ಖಾಲಿ. "ಸ್ವಲ್ಪ ಜೋರ್ ಒತ್ರಿ ಟೀಚರ್" ಅಂದೆ. ಒತ್ತಿದರು, ನನ್ನನ್ನು ನೋಡಿದರು, ಮತ್ತೆ ಮತ್ತೆ ಒತ್ತಿದರು. ಅವರ ತಮ್ಮ ಸ್ಯಾಮ್ಯುಯೆಲ್ ಕಾಕಾ ನನಗೆಂದು ತಂದಿಟ್ಟ ಚಹಾ ಹಾಗೇ ಆರಿತು. ನಾನೊಂದು ಸಲ ಒತ್ತಿ ನೋಡಬಾರದಿತ್ತೆ? ಇಲ್ಲ. ಅವರೆದುರಿಗೇ ಅಂದುಬಿಟ್ಟೆ: "ಬೆರಳಿನ್ಯಾಗ ಶಕ್ತಿ ಉಳಿದಿಲ್ಲ ಬಿಡ್ರಿ ಕಾಕಾ." ಪ್ರೋಗ್ರಾಂ ಕೂಡ ನಿಲ್ಲಿಸದೆ ಲ್ಯಾಪ್‌ಟಾಪ್ ಮುಚ್ಚಿ ಎದ್ದು ಬಂದೆ.

ಮರುದಿನ ಅದನ್ನು ತೆರೆದು, ಬೇಸರದಲ್ಲಿ ಎಂಟರ್ ಕುಟ್ಟಿದೆ. ಅಕ್ಷರಗಳು ಒಂದರ ಬೆನ್ನಿಗೊಂದು ಬಂದವು. ಇಂಗ್ಲಿಷ್ ಲಿಪಿಯಲ್ಲಿ, ಒಂದೂ ತಪ್ಪಿಲ್ಲದೆ: "ಚಹಾ ಕುಡಿ."

ಕಂಪೈಲ್ ಆದ ಪ್ರೋಗ್ರಾಂ ಎಂಟರ್ ಬರುವ ತನಕ ಒತ್ತಿದ್ದನ್ನೆಲ್ಲ ಕೂಡಿಟ್ಟುಕೊಂಡು ಸುಮ್ಮನಿರುತ್ತದೆ. ಹಾಗಿರಬೇಡ ಎಂದು ಹೇಳಲು ಒಂದೇ ಸಾಲು ಸಾಕು. ಆ ಸಾಲನ್ನು ನಾನು ಬರೆದಿರಲಿಲ್ಲ.

ಅವತ್ತೇ ಓಡಬೇಕಿತ್ತು. ಬರಿಗೈಲಿ ಹೋಗಿ ತಪ್ಪಾಯಿತು ಅನ್ನಲು ನಾಚಿಕೆ. ಕನ್ನಡ ಅಕ್ಷರ ಸೇರಿಸಿ, ದನಿ ಸೇರಿಸಿ, ಛಲೋ ಮಾಡಿ ಒಯ್ಯೋಣ ಎಂದು ಕೂತೆ. ಮೂರನೇ ವಾರ ಟೀಚರ್ ಹೋಗಿಬಿಟ್ಟರು.

ಮಣ್ಣಿಗೆ ಹೋದಾಗ ಕಾಕಾ ನನ್ನ ಕೈ ಹಿಡಿದು, "ನೀ ಅಂದ್ ಹೋದ ಮ್ಯಾಲೆ ಅಕ್ಕ ಆ ಬೆರಳ ಎತ್ತಲೇ ಇಲ್ಲಪಾ. ಪಾಪ, ನೀನರ ಎಷ್ಟ ತ್ರಾಸ ತಗೊಂಡಿ, ಪುಣ್ಯಾತ್ಮಾ" ಅಂದರು. ಪುಣ್ಯಾತ್ಮ! ಕೈ ಬಿಡಿಸಿಕೊಂಡು ಜನರ ನಡುವೆ ಸರಿದುಬಿಟ್ಟೆ.

ಲ್ಯಾಬಿನ ಆ ಹುಡುಗಿಗೆ "ನಿನ್ನ ತಪ್ಪಲ್ಲವ್ವಾ, ಅದು ಎಂಟರ್ ಸಲುವಾಗಿ ಕಾಯಾಕತ್ತೈತಿ" ಎಂದು ಹೇಳಲು ಅರ್ಧ ನಿಮಿಷ ಸಾಕಾಯಿತು. ಕಾಕಾಗೆ ಅದನ್ನು ಹೇಳದೆ ಎರಡು ವರ್ಷ ತಲೆ ತಪ್ಪಿಸಿಕೊಂಡು ತಿರುಗಿದ್ದೇನೆ. ಇವತ್ತು ಕಾಲೇಜು ಬಿಟ್ಟವನೇ ಅವರ ಮನೆಗೆ ಹೋಗುತ್ತೇನೆ. ಬೈಯಲಿ, ಬಾಗಿಲು ಹಾಕಿಕೊಳ್ಳಲಿ. ಅಕ್ಕನ ಬೆರಳಿನಲ್ಲಿ ಶಕ್ತಿಯಿತ್ತು, ಅದನ್ನು ಕಸಿದವನು ನಾನು ಎಂದು ಅವರಿಗೆ ಗೊತ್ತಾಗಬೇಕು.