ದಾಕ್ಷಾಯಣಮ್ಮನ ಕಿಟಕಿಗೆ ಮೀನಿನ ತೊಟ್ಟಿ

ತರೀಕೆರೆ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಮುಸರತ್ ಅಂದರೆ ಬ್ಲೌಸ್ ಹೊಲಿಯುವುದರಲ್ಲಿ ಎತ್ತಿದ ಕೈ. ಹಬ್ಬ ಬರಲಿ, ಮದುವೆ ಕಾಲ ಬರಲಿ, ಅವಳ ಮನೆಯ ಜಗಲಿಯ ಮೇಲೆ ಹೆಂಗಸರು ಬಟ್ಟೆಯ ಗಂಟು ಹಿಡಿದು ಕೂತಿರುತ್ತಾರೆ. ಎಲ್ಲಿ ಕಲಿತಿರಿ ಎಂದು ಯಾರಾದರೂ ಕೇಳಿದರೆ ಅವಳ ಬಾಯಲ್ಲಿ ಬರುವುದು ಒಂದೇ ಹೆಸರು: ಅಜ್ಜಂಪುರದ ದಾಕ್ಷಾಯಣಮ್ಮ.

ಮುಸರತ್ ಹುಟ್ಟಿ ಬೆಳೆದದ್ದು ಅಜ್ಜಂಪುರದಲ್ಲಿ. ಹತ್ತನೇ ತರಗತಿಯಲ್ಲಿ ಲೆಕ್ಕದಲ್ಲಿ ಫೇಲಾಗಿ ಮನೆಯಲ್ಲಿ ಕೂತಿದ್ದಳು. ಎದುರುಮನೆಯ ದಾಕ್ಷಾಯಣಮ್ಮ ಒಂದು ಮಧ್ಯಾಹ್ನ ಬಾಗಿಲಲ್ಲಿ ನಿಂತು, "ಲೇ ಹುಡುಗಿ, ಗೋಡೆ ನೋಡ್ತಾ ಕೂತ್ರೆ ಗೋಡೆ ಏನು ಹೇಳ್ಕೊಡುತ್ತೆ? ಬಾ ಇಲ್ಲಿ, ಕಾಜ ಹಾಕು" ಎಂದು ಕರೆದರು. ಅಂದು ಗುಂಡಿಯ ಕಾಜದಿಂದ ಶುರುವಾದದ್ದು ಎರಡೇ ವರ್ಷದಲ್ಲಿ ಕಟಿಂಗಿನವರೆಗೆ ಬಂತು. ತಪ್ಪು ಹೊಲಿದರೆ ದಾಕ್ಷಾಯಣಮ್ಮ ಬೈಯುತ್ತಿದ್ದರು, ಬಿಚ್ಚಿಸುತ್ತಿದ್ದರು, ಆಮೇಲೆ ಪಕ್ಕದಲ್ಲಿ ಕೂತು ಉಪ್ಪಿಟ್ಟು ತಿನ್ನಿಸುತ್ತಿದ್ದರು.

ಮದುವೆಯಾಗಿ ತರೀಕೆರೆಗೆ ಬಂದಾಗ ಅತ್ತೆ ಕುಬ್ರಾ ಒಂದು ಮಾತು ಖಡಾಖಂಡಿತವಾಗಿ ಹೇಳಿಬಿಟ್ಟರು. ಮನೆಯ ಬಟ್ಟೆ ಎಷ್ಟು ಬೇಕಾದರೂ ಹೊಲಿ, ಹೊರಗಿನವರದ್ದು ಮಾತ್ರ ಬೇಡ. ಮುಸರತ್ ಮನೆಯವರ ಬಟ್ಟೆಯನ್ನಷ್ಟೇ ಹೊಲಿದುಕೊಂಡಿದ್ದಳು. ಕೆಲವು ತಿಂಗಳು ಕಳೆದ ಮೇಲೆ ಒಂದು ಬೆಳಿಗ್ಗೆ ದಾಕ್ಷಾಯಣಮ್ಮ ತಲೆಯ ಮೇಲೆ ದೊಡ್ಡ ಗಂಟು ಹೊತ್ತು ಓಣಿಯಲ್ಲಿ ನಡೆದು ಬಂದರು. ಗಂಟಿನ ತುಂಬ ಸ್ಕೂಲ್ ಯೂನಿಫಾರ್ಮಿನ ಬಟ್ಟೆ. ಕುಬ್ರಾ ಕೊಟ್ಟ ಚಹಾ ಕುಡಿದು, ಅವರಿಗೇ ಒಂದು ರವಿಕೆಯ ಅಳತೆ ತೆಗೆದು, ಮುಸರತ್‌ಳಿಂದ ಅಲ್ಲೇ ಹೊಲಿಸಿ ತೊಡಿಸಿ, "ನೋಡಿ ಕುಬ್ರಮ್ಮ, ನಂಗೆ ಆರ್ಡರ್ ಜಾಸ್ತಿ ಆಗೈತೆ, ಒಬ್ಬಳ ಕೈಲಿ ಆಗಲ್ಲ. ಈ ಹುಡುಗಿ ಕೈ ನನ್ನ ಕೈ ಇದ್ದಂಗೆ. ಸಾಲ ಕೇಳಿದಂಗೆ ಕೇಳ್ತಿದೀನಿ, ಈ ಕೈನ ಕೊಡಿ" ಎಂದರು. ಕನ್ನಡಿಯ ಮುಂದೆ ನಿಂತು ರವಿಕೆಯ ಭುಜ ಸವರಿಕೊಳ್ಳುತ್ತಿದ್ದ ಕುಬ್ರಾಗೆ ಇಲ್ಲ ಎನ್ನಲು ಬಾಯಿ ಬರಲಿಲ್ಲ. ಮುಸರತ್ ಆಮೇಲೆ ಕಟ್ಟಿಕೊಂಡ ಬದುಕೆಲ್ಲ ಆ ಗಂಟು ಬಿಚ್ಚಿದ ದಿನದಿಂದ ಶುರುವಾದದ್ದು.

ಅಂಥ ದಾಕ್ಷಾಯಣಮ್ಮ ಈಗ ಕಡೂರಿನಲ್ಲಿ ಮಗಳು ಹೇಮಶ್ರೀ, ಅಳಿಯ ಆನಂದನ ಜೊತೆ ಇದ್ದಾರೆ. ಕೈಗಳಿಗೆ ನಡುಕ ಬಂದಿದೆ. ಸೂಜಿಗೆ ದಾರ ಪೋಣಿಸುವುದಿರಲಿ, ಲೋಟ ಹಿಡಿಯುವುದೂ ಕಷ್ಟ. ಮಿಷನ್ ತುಳಿಯದೆ ಒಂದು ದಿನವೂ ಕಳೆಯದವರನ್ನು ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂರಿಸಿದರೆ ಹೇಗಿರುತ್ತದೆ? ಬಂದವರ ಸೀರೆಯ ಫಾಲ್ಸ್ ನೋಡಿ ತಪ್ಪು ಹೇಳುವುದು, ಟಿ.ವಿ. ಹಾಕಿದರೆ ನಿಲ್ಲಿಸಿ ಎನ್ನುವುದು, ನಿಲ್ಲಿಸಿದರೆ ಹೊತ್ತು ಹೋಗುತ್ತಿಲ್ಲ ಎನ್ನುವುದು.

ಹೇಮಶ್ರೀ ಒಂದು ದಿನ ಫೋನಿನಲ್ಲಿ ನಗುತ್ತಾ ಹೇಳಿದಳು. "ಅಕ್ಕ, ಹಲ್ಲಿನ ಡಾಕ್ಟರ್ ಹತ್ರ ಕರ್ಕೊಂಡು ಹೋಗಿದ್ದೆ. ಅಲ್ಲೊಂದು ಮೀನಿನ ತೊಟ್ಟಿ ಇಟ್ಟವ್ರೆ. ಅಮ್ಮ ಅದ್ರ ಮುಂದೆ ಕೂತ್ಬಿಟ್ರು ನೋಡಿ, ನರ್ಸ್ ಹೆಸರು ಕೂಗಿದ್ರೆ 'ಇನ್ನೊಬ್ಬರನ್ನ ಕಳಿಸಿ' ಅಂತಾರೆ!"

ಮುಸರತ್ ನಗಲಿಲ್ಲ. ಕತ್ತರಿಯನ್ನು ಪಕ್ಕಕ್ಕಿಟ್ಟು, "ಅವರ ಕಿಟಕಿ ಕಟ್ಟೆ ಎಷ್ಟು ಅಗಲ ಇದೆ, ಟೇಪ್ ಹಿಡಿದು ಹೇಳು" ಎಂದಳು.

ಊರಿನಲ್ಲಿ ಬಣ್ಣದ ಮೀನು ಮಾರುವ ಓಂಕಾರೇಶನ ಅಂಗಡಿಯಲ್ಲಿ ಇದ್ದದ್ದು ಎರಡೇ ಬಗೆ. ಒಂದು ದುಂಡನೆಯ ಗಾಜಿನ ಬೋಗುಣಿ, ಅದರಲ್ಲಿ ಮೀನು ಸುಖವಾಗಿರುವುದಿಲ್ಲ ಎಂದು ಅವನೇ ಹೇಳಿದ. ಇನ್ನೊಂದು ಕಪ್ಪು ಪ್ಲಾಸ್ಟಿಕ್ ಚೌಕಟ್ಟು, ಮುಚ್ಚಳ, ಲೈಟು ಇರುವ ದೊಡ್ಡ ತೊಟ್ಟಿ, ಅದು ಆ ಕಟ್ಟೆಯ ಮೇಲೆ ಕೂರುವುದಿಲ್ಲ. "ಚೌಕಟ್ಟೇ ಇಲ್ದಂಗೆ ಬರೀ ಐದು ಗಾಜು ಅಂಟಿಸಿ ಮಾಡ್ಬೋದು ಅಕ್ಕ. ಸಣ್ಣದಾದ್ರೆ ಸಿಲಿಕೋನ್ ಅಂಟೇ ಹಿಡ್ಕೊಳ್ಳುತ್ತೆ. ಮೀನಿಗೆ ಆಗೋ ಸಿಲಿಕೋನ್ ನಾನು ಕೊಡ್ತೀನಿ. ಬಾತ್‌ರೂಮಿಗೆ ಹಾಕೋದು ಬೇಡ, ಅದ್ರಲ್ಲಿ ಬೂಷ್ಟಿಗೆ ಔಷಧಿ ಇರುತ್ತೆ, ಮೀನು ಸಾಯ್ತವೆ" ಎಂದು ಓಂಕಾರೇಶ್ ದಾರಿ ತೋರಿಸಿದ.

ಕೊಂಡು ಕೊಡುವುದಕ್ಕಿಂತ ಕೈಯಾರೆ ಮಾಡಿ ಕೊಡುವುದೇ ಮುಸರತ್‌ಳ ಮನಸ್ಸಿಗೆ ಬಂತು. ಅಳತೆಯ ಚೀಟಿ ಬರೆದು, ಕಿಟಕಿ ಗಾಜು ಹಾಕುವ ಶಾಕಿರನಿಗೆ ಕೊಟ್ಟಳು. ಶಾಕಿರ್ ಚೀಟಿಯಲ್ಲಿದ್ದಂತೆ ಐದು ಗಾಜು ಕೊಯ್ದು ಕಳಿಸಿದ. ಮುಸರತ್ ಅವುಗಳ ಅಂಚನ್ನು ನೀರಲ್ಲಿ ಅದ್ದಿದ ಉಪ್ಪುಕಾಗದದಿಂದ ಉಜ್ಜಿ ಮೊಂಡು ಮಾಡಿದಳು. ಸ್ಪಿರಿಟ್ ಹಾಕಿ ಒರೆಸಿದಳು. ಹಿತ್ತಲ ಕಟ್ಟೆಯ ಮೇಲೆ ಪೇಪರ್ ಹಾಸಿ ತಳದ ಗಾಜು ಇಟ್ಟು, ಸಿಲಿಕೋನ್ ಎಳೆದು, ಮುಂದಿನ ಗಾಜು ನಿಲ್ಲಿಸಿದಳು. ಪಕ್ಕದವೆರಡು ನಿಂತವು. ಹಿಂದಿನದನ್ನು ಇಡಲು ಹೋದರೆ ಅದು ತಳವನ್ನು ಬಿಟ್ಟು ಒಂದು ಬೆರಳಗಲ ಆಚೆ ನಿಲ್ಲುತ್ತದೆ!

ತಪ್ಪು ಎಲ್ಲಾಗಿದೆ ಎಂದು ತಿಳಿಯಲಿಲ್ಲ. ಸಿಲಿಕೋನ್ ಬೇರೆ ಒಣಗತೊಡಗಿತ್ತು. ಬಗಲಲ್ಲಿ ಬಟ್ಟೆ ಸಾಲದಿದ್ದಾಗ ಪಟ್ಟಿ ಕೊಟ್ಟು ಸರಿಮಾಡಿದಂತೆ ಸಂದಿಗೆಲ್ಲ ಸಿಲಿಕೋನ್ ತುಂಬಿ ತೇಪೆ ಹಾಕಿದಳು. ಚೆನ್ನಾಗಿ ಒಣಗಲೆಂದು ಕೆಲವು ದಿನ ಬಿಟ್ಟು ನೀರು ಹೊಯ್ದಳು. ಮೊದಲು ಒಂದು ಹನಿ ಬಂತು, ಆಮೇಲೆ ಒಂದು ಎಳೆ, ಆಮೇಲೆ ಹಿತ್ತಲೆಲ್ಲ ನೀರು.

ಅವಳ ಗಂಡ ಜುಲ್ಫಿಕರನದು ಪಂಕ್ಚರ್ ಅಂಗಡಿ. ಊಟಕ್ಕೆ ಬಂದವನು ಸೊಂಟದ ಮೇಲೆ ಕೈಯಿಟ್ಟು ನೋಡಿದ. "ನಾನು ನೀರೊಳಗೆ ಟ್ಯೂಬ್ ಹಾಕಿ ತೂತು ಹುಡುಕ್ತೀನಿ. ನೀನು ತೂತೊಳಗೆ ನೀರು ಹಾಕ್ತಿದೀಯಲ್ಲೇ!"

ಮುಸರತ್‌ಗೆ ಅಳು ಬಂತು, ಅದರ ಬೆನ್ನಿಗೇ ನಗುವೂ ಬಂತು. ಜುಲ್ಫಿಕರ್ ಊಟ ಮರೆತು ಪಕ್ಕದಲ್ಲಿ ಕೂತ. ಇಬ್ಬರೂ ಬ್ಲೇಡು ಹಿಡಿದು ಗಾಜುಗಳನ್ನು ಬಿಡಿಸಿದರು. ಹಳೆಯ ಸಿಲಿಕೋನಿನ ಮೇಲೆ ಹೊಸದು ಹಿಡಿಯುವುದಿಲ್ಲವಾದ್ದರಿಂದ ಒಂದು ಚೂರೂ ಉಳಿಯದಂತೆ ಕೆರೆಯಬೇಕಿತ್ತು. ಕೆರೆಯುತ್ತಾ ಕೂತಾಗ ಅವಳಿಗೆ ತನ್ನ ತಪ್ಪು ತಾನೇ ಹೊಳೆಯಿತು. ಪಕ್ಕದ ಗಾಜುಗಳು ಮುಂದಿನದಕ್ಕೂ ಹಿಂದಿನದಕ್ಕೂ ನಡುವೆ ಕೂರಬೇಕು. ಅವೆರಡರ ದಪ್ಪದಷ್ಟನ್ನು ಅಳತೆಯಲ್ಲಿ ಕಳೆಯಬೇಕಿತ್ತು. ಅವಳು ಕಳೆಯುವುದಿರಲಿ, ಹೊಲಿಗೆಯ ಒಳಗೆ ಹೋಗುವ ಬಟ್ಟೆಗೆಂದು ಜಾಗ ಬಿಡುವ ಅಭ್ಯಾಸದಲ್ಲಿ ಚೀಟಿಯಲ್ಲಿ ಇನ್ನಷ್ಟು ಸೇರಿಸಿದ್ದಳು!

"ನಂಗೂ ಅನುಮಾನ ಬಂತಕ್ಕ. ನೀವು ಅಳತೆ ತಪ್ಪಲ್ಲ ಅಂತ ಸುಮ್ನಾದೆ" ಎಂದು ಶಾಕಿರ್ ತಲೆ ಕೆರೆದುಕೊಂಡ. ಪಕ್ಕದ ಎರಡು ಗಾಜನ್ನು ಹೊಸದಾಗಿ ಕೊಯ್ದ. ಅಷ್ಟಕ್ಕೇ ಬಿಡದೆ ತಾನೇ ಮನೆಗೆ ಬಂದು, ಮೂಲೆಮಟ್ಟ ಹಿಡಿದು ನಿಲ್ಲಿಸಿ, ಗಾಜು ಜಾರದಂತೆ ಸುತ್ತ ಟೇಪು ಬಿಗಿದ. ಅತ್ತೆ ಕುಬ್ರಾ, ಮಂಡಿ ನೋವಿದ್ದರೂ, ಹೊರಗೆ ಕುರ್ಚಿ ಹಾಕಿಸಿಕೊಂಡು ಕೂತು ಬೆಕ್ಕು ಬಾರದಂತೆ ಕಾದರು. ಚೆನ್ನಾಗಿ ಒಣಗಿದ ಮೇಲೆ ಈ ಸಲ ನೀರು ಹೊಯ್ದಾಗ ನಾಲ್ವರೂ ಸುತ್ತ ಸೇರಿ ನೋಡಿದರು. ಜುಲ್ಫಿಕರ್ ಕಟ್ಟೆಗೆ ಕೆನ್ನೆಯಿಟ್ಟು ನಾಲ್ಕೂ ಮೂಲೆ ಪರೀಕ್ಷಿಸಿ, "ಒಂದು ಗುಳ್ಳೆ ಇಲ್ಲ, ಒಂದು ಹನಿ ಇಲ್ಲ" ಎಂದು ತೀರ್ಪು ಕೊಟ್ಟ. ಸಂಜೆಯ ಬಿಸಿಲು ನೀರೊಳಗೆ ಹಾದು ಹಿತ್ತಲ ಗೋಡೆಯ ಮೇಲೆ ಕುಣಿಯುತ್ತಿತ್ತು. ಇಷ್ಟು ಜನ ತನ್ನ ಒಂದು ಆಸೆಯ ಬೆನ್ನಿಗೆ ನಿಂತರಲ್ಲ ಎಂದು ಮುಸರತ್‌ಗೆ ಹಿಗ್ಗಾಯಿತು. ಅಲ್ಲಾಹ್‌ನಿಗೆ ಮನಸ್ಸಿನಲ್ಲೇ ಶುಕ್ರಿಯಾ ಹೇಳಿ ಎಲ್ಲರಿಗೂ ಚಹಾಕ್ಕೆ ನೀರಿಟ್ಟಳು.

ಮುಂದಿನ ಬುಧವಾರ ತೊಟ್ಟಿಗೆ ರಜಾಯಿ ಸುತ್ತಿಕೊಂಡು ಕಡೂರಿನ ರೈಲು ಹತ್ತಿದಳು. ತೊಡೆಯ ಮೇಲೆ ಇಟ್ಟುಕೊಂಡು ಕೂತು, ರೈಲು ಅಲುಗಿದಾಗೆಲ್ಲ ಎರಡೂ ಕೈಯಿಂದ ತಬ್ಬಿಕೊಳ್ಳುತ್ತಿದ್ದಳು. ಎದುರು ಸೀಟಿನಲ್ಲಿ ಯಗಟಿಯ ಗಿಡ್ಡಪ್ಪ, ಅವನ ಹೆಂಡತಿ ಭಾಗಮ್ಮ. ತರೀಕೆರೆಗೆ ಕೊಟ್ಟ ಮಗಳನ್ನು ನೋಡಿಕೊಂಡು ಊರಿಗೆ ಹೊರಟಿದ್ದರು.

"ಏನಮ್ಮ ಅದು, ಕೂಸು ಹಿಡ್ಕಂಡಂಗೆ ಹಿಡ್ಕಂಡಿದ್ದೀಯ?" ಗಿಡ್ಡಪ್ಪ ಕೇಳಿದ.

"ಗಾಜಿನ ತೊಟ್ಟಿ ಕಣಪ್ಪ. ಮೀನು ಬಿಡೋಕೆ."

"ಕಟ್ಟು ಇಲ್ಲ, ಮೊಳೆ ಇಲ್ಲ. ನೀರು ನಿಲ್ತದಾ?"

"ನಿಂತೈತೆ. ನೋಡೇ ತಂದಿದ್ದೀನಿ."

ಗಿಡ್ಡಪ್ಪನಿಗೆ ನಂಬಿಕೆ ಬರಲಿಲ್ಲ. ಆದರೂ ಹೆಗಲ ಕಂಬಳಿ ತೆಗೆದು ನಾಲ್ಕು ಮಡಿಕೆ ಮಾಡಿ ಸೀಟಿನ ಮೇಲೆ ಹಾಕಿದ. "ಇದ್ರ ಮ್ಯಾಲಿಡು. ಕುರಿಮರೀನೇ ಇದ್ರಲ್ಲಿ ಮಲಗಿಸ್ತೀನಿ, ಗಾಜು ಯಾವ ಲೆಕ್ಕ." ಬೀರೂರಿನಲ್ಲಿ ಜನ ಚೀಲ ಹೊತ್ತು ನುಗ್ಗಿದರು. ಗಿಡ್ಡಪ್ಪ ಎದ್ದು ತೊಟ್ಟಿಗೆ ಬೆನ್ನು ಕೊಟ್ಟು ಗೋಡೆಯಂತೆ ನಿಂತ. ಭಾಗಮ್ಮ ಆಚೆ ಕಡೆಯಿಂದ ಕೈ ಅಡ್ಡ ಹಿಡಿದು, "ಗಾಜೈತೆ, ಗಾಜೈತೆ, ಸರೀರಿ" ಎಂದು ಕಡೂರು ಬರುವವರೆಗೂ ಕೂಗುತ್ತಲೇ ಇದ್ದಳು. ಇಳಿದ ಮೇಲೆ ಆಟೋದವರೆಗೂ ಇಬ್ಬರೂ ಬಂದರು. ಹೆಸರು ಹೇಳಿಕೊಂಡದ್ದು ಆಗಲೇ.

ದಾಕ್ಷಾಯಣಮ್ಮ ಕುರ್ಚಿಯಲ್ಲಿದ್ದರು. ಮುಸರತ್‌ಗೆ ದಾರಿಯುದ್ದಕ್ಕೂ ಇನ್ನೊಂದು ಅಳುಕಿತ್ತು: ಮಾಂಸ ಮೀನು ಒಳಗೆ ಬಾರದ ಮನೆ, ಏನನ್ನುತ್ತಾರೋ.

"ಅಮ್ಮಾ, ಇದ್ರಲ್ಲಿ ಮೀನು ಬಿಡ್ತೀನಿ. ನೀವು ಬೇಡ ಅಂದ್ರೆ ವಾಪಸ್ ತಗೊಂಡು ಹೋಗ್ತೀನಿ."

"ಯಾಕೇ ಬೇಡ ಅಂತೀನಿ? ನಾನೇನು ಅವನ್ನ ಸಾರು ಮಾಡ್ತೀನಾ? ನೋಡೋದಕ್ಕೆ ಎಂಥ ಮಡಿ! ಹತ್ರ ತಾ."

ನಡುಗುವ ಬೆರಳನ್ನು ಗಾಜಿನ ಒಂದೊಂದೇ ಜೋಡಣೆಯ ಮೇಲೆ ಮೇಲಿನಿಂದ ಕೆಳಗೆ ಎಳೆದರು. ಮೂರು ಮೂಲೆ ದಾಟಿ ನಾಲ್ಕನೆಯದರಲ್ಲಿ ಬೆರಳು ನಿಂತಿತು. "ಇಲ್ಲಿ ಕೈ ತಡವರಿಸಿದೆಯಲ್ಲೇ."

"ಹೂಂ ಅಮ್ಮಾ. ಅಲ್ಲಿ ಬರೋ ಹೊತ್ತಿಗೆ ಅಂಟು ಖಾಲಿ ಆಗ್ತಾ ಬಂದಿತ್ತು."

"ಆದ್ರೂ ಚೆಂದ ಮಾಡಿದ್ದೀಯ." ಇಷ್ಟು ವರ್ಷದಲ್ಲಿ ದಾಕ್ಷಾಯಣಮ್ಮನ ಬಾಯಿಂದ ಈ ಮಾತನ್ನು ಮುಸರತ್ ಕೇಳಿದ್ದೇ ಅಪರೂಪ. ಸೆರಗಿನಲ್ಲಿ ಕಣ್ಣೊರೆಸಿಕೊಂಡಳು.

ಆನಂದ್ ಕಿಟಕಿ ಕಟ್ಟೆಯ ಮೇಲೆ ಥರ್ಮಕೋಲ್ ಹಾಸಿ ತೊಟ್ಟಿ ಇಟ್ಟ. ತೊಳೆದ ಮರಳು, ಓಂಕಾರೇಶ್ ಕೊಟ್ಟ ನೀರುಗಿಡ, ನೀರು ಶುದ್ಧವಾಗಿಡಲು ಅವನ ಅಂಗಡಿಯ ಹಳೆಯ ತೊಟ್ಟಿಯಲ್ಲಿದ್ದ ಸ್ಪಂಜು, ಆಮೇಲೆ ನೀರು. ನೀರು ಹದಕ್ಕೆ ಬರುವವರೆಗೆ ಮೀನು ಬಿಡಬಾರದಿತ್ತು. ಅಷ್ಟು ದಿನವೂ ದಾಕ್ಷಾಯಣಮ್ಮ ಬರೀ ನೀರನ್ನೇ ನೋಡುತ್ತಾ ಕೂತರಂತೆ. ಬಂದವರು ಮೀನೆಲ್ಲಿ ಎಂದರೆ, "ಮುಸರತ್ ತರ್ತಾಳೆ" ಎನ್ನುತ್ತಿದ್ದರಂತೆ.

ಮುಸರತ್ ತಂದಳು. ಮೋಲಿ ಜಾತಿಯ ಆರು ಕಪ್ಪು ಮೀನುಗಳು. ಕವರಿನ ಸಮೇತ ತೊಟ್ಟಿಯಲ್ಲಿ ತೇಲಿಬಿಟ್ಟು, ನೀರಿಗೆ ನೀರು ಹೊಂದಿದ ಮೇಲೆ ಬಿಟ್ಟಾಗ ಅವು ಗಿಡದ ಸಂದಿಯಲ್ಲಿ ಮಿಂಚಿ ಮರೆಯಾದವು. ದಾಕ್ಷಾಯಣಮ್ಮ ಆ ದಿನ ಯಾರ ಸೀರೆಯನ್ನೂ ನೋಡಲಿಲ್ಲ.

ಒಂದೆರಡು ತಿಂಗಳಲ್ಲಿ ಹೇಮಶ್ರೀಯ ಫೋನು. "ಅಕ್ಕ, ಮರಿ ಹಾಕವೆ! ದೊಡ್ಡವು ಮರೀನ ತಿಂದ್ಹಾಕ್ತವಂತೆ, ಅಮ್ಮ ಒದ್ದಾಡ್ತಾವ್ರೆ. ಇನ್ನೊಂದು ಸಣ್ಣ ತೊಟ್ಟಿ ಬೇಕಂತೆ. ಇಲ್ಲೇ ಬಂದು, ಅವರ ಕಣ್ಣೆದುರಿಗೇ ಮಾಡ್ಬೇಕಂತೆ."

ಶಾಕಿರ್ ಕೊಯ್ದುಕೊಟ್ಟ ಗಾಜುಗಳನ್ನು ಕಟ್ಟಿಕೊಂಡು ಮುಸರತ್ ಹೋದಳು. ಕಡೂರಿನ ಮನೆಯ ವರಾಂಡದಲ್ಲಿ ದಾಕ್ಷಾಯಣಮ್ಮನ ಕುರ್ಚಿ, ಕೆಳಗೆ ಚಾಪೆಯ ಮೇಲೆ ಮುಸರತ್. "ಎಡಗಡೆ ಎತ್ತು... ಹಾಂ... ನಿಧಾನ... ಈಗ ಅಂಚಿಗೆ ಅಂಟಿಸಿದ ಟೇಪ್ ಕಿತ್ತುಬಿಡು, ಒಣಗಿದ್ಮೇಲೆ ಕಿತ್ರೆ ಅಂಚು ಹರಿಯುತ್ತೆ." ಹಸಿ ಸಿಲಿಕೋನನ್ನು ಮೊದಲ ಸಲ ನೋಡುತ್ತಿದ್ದವರು ಅದರೊಂದಿಗೆ ಹುಟ್ಟಿದವರಂತೆ ಹೇಳಿಕೊಡುತ್ತಿದ್ದರು. ಮುಸರತ್ ಹೇಳಿದಂತೆ ಕೇಳಿದಳು.

ನಾಲ್ಕೂ ಗಾಜು ನಿಂತ ಮೇಲೆ, ಬೆರಳಿಗಂಟಿದ್ದನ್ನು ಉಜ್ಜಿ ತೆಗೆಯುತ್ತಾ, ಎಷ್ಟೋ ವರ್ಷದಿಂದ ಹೇಳಬೇಕೆಂದಿದ್ದನ್ನು ಮುಸರತ್ ಹೇಳಿದಳು. "ಅಮ್ಮಾ, ಅವತ್ತು ನೀವು ಗಂಟು ಹೊತ್ಕೊಂಡು ತರೀಕೆರೆಗೆ ಬರದೇ ಇದ್ದಿದ್ರೆ ನಾನು ಏನಾಗ್ತಿದ್ನೋ. ನಿಮ್ಮ ಋಣ..."

"ಋಣ ಗಿಣ ಅನ್ಬೇಡ ಕಣೇ." ದಾಕ್ಷಾಯಣಮ್ಮ ಕುರ್ಚಿಯಲ್ಲಿ ಮುಂದಕ್ಕೆ ಬಾಗಿದರು. "ನಿಜ ಹೇಳ್ಲಾ? ಆವತ್ತು ಆರ್ಡರ್ ಜಾಸ್ತಿ ಏನೂ ಇರ್ಲಿಲ್ಲ. ಯೂನಿಫಾರ್ಮ್ ನಾನೇ ಹೊಲ್ಕೊಬೋದಿತ್ತು. ನೀನು ಹೋದ್ಮೇಲೆ ಮನೆ ಬಿಕೋ ಅಂತಿತ್ತು. ಹಂಗೇ ಬಂದ್ರೆ ನಿಮ್ಮತ್ತೆ ಏನಂದ್ಕೊತಾರೋ ಅಂತ ಗಂಟು ಕಟ್ಕೊಂಡು ಬಂದೆ. ನಿನ್ನ ನೋಡೋಕೆ."

ಮುಸರತ್ ಚಾಪೆಯಿಂದ ಎದ್ದು, ತೊಡೆಯ ಮೇಲೆ ನಡುಗುತ್ತಿದ್ದ ಆ ಎರಡು ಕೈಗಳನ್ನು ತನ್ನ ಕೈಯೊಳಗೆ ತೆಗೆದುಕೊಂಡಳು. ಸ್ವಲ್ಪ ಹೊತ್ತಿಗೆ ನಡುಕ ಕೊಂಚ ತಗ್ಗಿದಂತಾಯಿತು.

ಒಳಗಿಂದ ಹೇಮಶ್ರೀ ಊಟಕ್ಕೆ ಕರೆದಳು. ರಾಗಿ ಮುದ್ದೆ, ಅವರೆಕಾಳು ಸಾರು. ಮೂವರೂ ಮಾತಾಡುತ್ತಾ ಉಂಡು ಕೈ ತೊಳೆಯುವ ಹೊತ್ತಿಗೆ ತರೀಕೆರೆಯ ರೈಲು ಹೊರಟುಹೋಗಿತ್ತು. ಮುಸರತ್ ಗಂಡನಿಗೆ ಫೋನ್ ಮಾಡಿ, ಬಸ್ಸಿನಲ್ಲಿ ಬತ್ತೀನಿ, ತಡ ಆಗುತ್ತೆ ಎಂದಳು.

"ಬಾ, ಅವಸರ ಇಲ್ಲ," ಎಂದ ಜುಲ್ಫಿಕರ್. "ದಾಕ್ಷಾಯಣಮ್ಮಂಗೆ ನನ್ನ ಸಲಾಂ ಹೇಳು."