ಬಿಸಿಲಿಗಿಟ್ಟ ಚಿಪ್‌ಗಳು

ಟಿಕ್ ಟಿಕ್ ಟಿಕ್. ಕಾದ ಸೋಲ್ಡರಿಂಗ್ ಐರನ್ ತಗಡಿನ ಸ್ಟ್ಯಾಂಡಿಗೆ ತಾಗುವ ಸದ್ದು. ಕೆ.ಆರ್. ಪೇಟೆಯ ರೇಡಿಯೋ ಮೆಕ್ಯಾನಿಕ್ ಒಬ್ಬರ ಬಲಗೈ ಸದಾ ನಡುಗುತ್ತಿತ್ತು. ಮಣಿಕಟ್ಟನ್ನು ತೆಂಗಿನ ಕರಟದ ಮೇಲೆ ಊರಿ ಉಸಿರು ಬಿಗಿಹಿಡಿದರೆ ಮಾತ್ರ ಕೈ ನಿಲ್ಲುತ್ತಿತ್ತು. ಉಸಿರು ಬಿಡುವಷ್ಟರಲ್ಲಿ ಬೆಸುಗೆ ಮುಗಿದಿರುತ್ತಿತ್ತು.

ತೊಂಬತ್ತರ ದಶಕದ ಕೊನೆ. ಶ್ರೀರಂಗಪಟ್ಟಣದ ನಮ್ಮ ಮನೆಯ ಮುಂದಿನ ರೂಮಿನಲ್ಲಿ ನಾನು ವಿಡಿಯೋ ಗೇಮ್ ಅಂಗಡಿ ಇಟ್ಟಿದ್ದೆ. ಕಾನ್ವೆಂಟಿನಲ್ಲಿ ಕಲಿತ ನೀಡಲ್‌ವರ್ಕ್, ಎಲೊಕ್ಯೂಷನ್ ಯಾವುದೂ ಅಲ್ಲಿ ನೆರವಿಗೆ ಬರಲಿಲ್ಲ. ಅಕ್ಕ ಜಪಾನಿನಿಂದ ತಂದುಕೊಟ್ಟ, ಸಿಡಿ ಹಾಕಿ ಆಡುವ ಗೇಮ್ ಮಶೀನು ನಮ್ಮ ಕಡೆಯ ಒಂದು ಡಿಸ್ಕನ್ನೂ ಓಡಿಸಲಿಲ್ಲ. ಪಾಂಡವಪುರದ ರಿಪೇರಿ ಅಂಗಡಿಗೆ ಒಯ್ದೆ. ಅಂಗಡಿಯವನು ಮುಚ್ಚಳವನ್ನೂ ಬಿಚ್ಚದೆ, ನಾಲ್ಕು ಜನರ ಮುಂದೆ, "ಬೋರ್ಡ್ ಹೋಗ್ಬುಟ್ಟದೆ ಮೇಡಂ. ಎಂಗಸ್ರಿಗೆ ಯಾಕೆ ಇವೆಲ್ಲ? ಇಲ್ಲೇ ಬುಟ್ಟೋಗಿ, ಗುಜರಿಗಾಕ್ತೀನಿ" ಎಂದ. ಎಲ್ಲರೂ ನಕ್ಕರು. ಫರ್ಗಿವ್‌ನೆಸ್ ಬಗ್ಗೆ ನಮ್ಮ ಸಿಸ್ಟರುಗಳು ಎಷ್ಟೇ ಹೇಳಿರಲಿ, ಆ ನಗುವನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ.

ಮಶೀನನ್ನು ಮಡಿಲಲ್ಲಿಟ್ಟುಕೊಂಡು ಬಸ್ಸಿನಲ್ಲಿ ಕೆ.ಆರ್. ಪೇಟೆಗೆ ಹೋದೆ. ಮೆಕ್ಯಾನಿಕ್ ಸ್ವಿಚ್ ಹಾಕಿ ಅದಕ್ಕೆ ಕಿವಿಗೊಟ್ಟು ಕೇಳಿದರು.

"ಸತ್ತಿಲ್ಲ ಕಣಮ್ಮಾ. ತಟ್ಟೆ ಯಾವ ದೇಶದ್ದು ಅಂತ ಕೇಳ್ತಾ ಅದೆ, ಅಷ್ಟೇಯ."

ಆಮೇಲೆ ಎದುರು ಕೂರಿಸಿಕೊಂಡು ಪಾಠ ಮಾಡಿದರು. ಗೇಮ್ ಕ್ಯಾಸೆಟ್ ಹಾಕುವ ಅಗ್ಗದ ಮಶೀನಿಗೆ ಸ್ವಂತ ಬುದ್ಧಿಯಿಲ್ಲ, ಅಪ್ಪಣೆಯೆಲ್ಲ ಕ್ಯಾಸೆಟ್ಟಿನದೇ. ಸಿಡಿ ಮಶೀನಿನ ಹೊಟ್ಟೆಯೊಳಗೆ ಒಂದು ಚಿಪ್‌ನಲ್ಲಿ ಫರ್ಮ್‌ವೇರ್, ಅಂದರೆ ಮಶೀನಿನ ಮೂಲ ಅಪ್ಪಣೆ, ಅಚ್ಚಾಗಿರುತ್ತದೆ. ಸ್ವಿಚ್ ಹಾಕಿದೊಡನೆ ಅದೇ ಮೊದಲು ಎದ್ದು ಡಿಸ್ಕಿನ ಊರು ವಿಚಾರಿಸುತ್ತದೆ, ಬೇರೆ ದೇಶದ್ದಾದರೆ ಓಡಿಸುವುದಿಲ್ಲ. ಫ್ಯಾಕ್ಟರಿಯ ಆ ಅಚ್ಚನ್ನು ತಿದ್ದಲಾಗದು. ಅದನ್ನು ಕಿತ್ತು, ಬೆನ್ನ ಮೇಲೆ ಪುಟ್ಟ ಗಾಜಿನ ಕಿಟಕಿಯಿರುವ ಬೇರೊಂದು ಜಾತಿಯ ಚಿಪ್ ಕೂರಿಸಬೇಕು. ಅದರಲ್ಲಿ ನಮಗೆ ಬೇಕಾದ್ದನ್ನು ಬರೆಯಬಹುದು, ಅಳಿಸಬಹುದು. ಅಳಿಸುವುದು ಬೆಳಕು. ಅದಕ್ಕೇ ಬರೆದ ಮೇಲೆ ಅವರು ಕಿಟಕಿಗೆ ಕಪ್ಪು ಟೇಪ್ ಅಂಟಿಸಿ, ಟೇಪಿನ ಮೇಲೆ ಬಿಳಿ ಪೇಂಟಿನಲ್ಲಿ ರುಜು ಹಾಕುತ್ತಿದ್ದರು.

ನನ್ನ ಮಶೀನು ಅಂದೇ ಓಡಿತು. ಪಾಂಡವಪುರದವನು ಇವರ ಶಿಷ್ಯನೇ ಎಂದು ಆಗ ತಿಳಿಯಿತು. ಇವರು ಬರೆದಿಟ್ಟ ಚಿಪ್‌ಗಳ ಡಬ್ಬಿಯನ್ನೇ ಎತ್ತಿಕೊಂಡು ಹೋಗಿ ಅಂಗಡಿ ತೆರೆದಿದ್ದ. ಗುರುವಿನ ಕೈ ನಡುಗುತ್ತದೆ, ಕೊಟ್ಟ ಸಾಮಾನು ಸುಟ್ಟು ಬರುತ್ತದೆ ಎಂದು ನಾಗಮಂಗಲದವರೆಗೂ ಸಾರಿದ್ದ. ಒಬ್ಬೊಬ್ಬರಾಗಿ ಗಿರಾಕಿಗಳು ಇವರನ್ನು ಬಿಟ್ಟಿದ್ದರು.

ಶಿವರಾತ್ರಿ ಕಳೆದು ಬಿಸಿಲು ಏರತೊಡಗಿತ್ತು. ಮತ್ತೊಮ್ಮೆ ಕೆ.ಆರ್. ಪೇಟೆಗೆ ಹೋಗುವಾಗ ಪಾಂಡವಪುರದಲ್ಲಿ ಬಸ್ಸು ನಿಂತಿತು; ನೋಡುತ್ತೇನೆ, ಅವನ ಅಂಗಡಿಯ ಕಟ್ಟೆಯ ಮೇಲೆ ಟ್ರೇ ತುಂಬ ಚಿಪ್‌ಗಳು. ಗುರುವಿನ ರುಜು ಕಾಣಬಾರದೆಂದು ಟೇಪುಗಳನ್ನೆಲ್ಲ ಕಿತ್ತು, ತನ್ನ ಕೈಕೆಲಸವೆಂಬಂತೆ ಗಿರಾಕಿಗಳಿಗೆ ಕಾಣುವ ಹಾಗೆ ಸಾಲಾಗಿ ಬಿಸಿಲಿಗಿಟ್ಟಿದ್ದ.

ವಿಷಯ ಕೇಳಿ ಮೆಕ್ಯಾನಿಕ್ ಸದ್ದಿಲ್ಲದೆ ನಕ್ಕರು. "ಟೇಪು ಯಾಕೆ ಅಂತ ಕಲಿಯಾಕ್ ಮುಂಚೇನೆ ಓಡೋದ. ನೀವೇನೂ ಏಳ್ಬೇಡಿ ಕಣಮ್ಮಾ. ಬಿಸ್ಲು ಏಳ್ಕೊಡ್ತದೆ."

ನಾನು ಹೇಳಲಿಲ್ಲ. ಆ ದಾರಿಯಲ್ಲಿ ಹೋದಾಗಲೆಲ್ಲ ಟ್ರೇ ಅಲ್ಲೇ ಇದೆಯೇ ಎಂದು ಬಸ್ಸಿನ ಕಿಟಕಿಯಿಂದ ಇಣುಕುತ್ತಿದ್ದೆ. ಒಂದು ದಿನ ಮೋಡ ಕವಿದಾಗ ಮೋಡಕ್ಕೇ ಶಾಪ ಹಾಕಿದೆ.

ಯುಗಾದಿಯ ಹೊತ್ತಿಗೆ ಅವನು ಕೂರಿಸಿದ ಚಿಪ್‌ಗಳಲ್ಲಿ ಒಂದೂ ಏಳಲಿಲ್ಲ. ಜನರ ಮಶೀನುಗಳೆಲ್ಲ ಕಪ್ಪು ಸ್ಕ್ರೀನು. ನಾನು ಗುರುವಿನ ಬಳಿ ಹೋಗಿಬರುವುದನ್ನು ತಿಳಿದು ಮೂರು ಮಶೀನು ಹೊತ್ತು ನನ್ನ ಬಾಗಿಲಿಗೇ ಬಂದ, ಗುರುವಿನ ಹತ್ತಿರ ಒಂದು ಮಾತು ಆಡಬೇಕೆಂದು ಬೇಡಿದ. ಅಂದು ನನ್ನ ಅಂಗಡಿಯಲ್ಲೂ ಜನರಿದ್ದರು.

"ಬೋರ್ಡ್ ಹೋಗ್ಬುಟ್ಟದೆ," ಎಂದೆ, ಅವನದೇ ಧಾಟಿಯಲ್ಲಿ. "ಇಲ್ಲೇ ಬುಟ್ಟೋಗಿ, ಗುಜರಿಗಾಕ್ತೀನಿ."

ಆ ದಸರೆಯ ಹೊತ್ತಿಗೆ ಮೆಕ್ಯಾನಿಕ್ ಹಾಸಿಗೆ ಹಿಡಿದಿದ್ದರು. ನೋಡಲು ಹೋದೆ. ಕೈ ಹೊದಿಕೆಯ ಮೇಲೆ ನಡುಗುತ್ತಲೇ ಇತ್ತು. ನನ್ನ ಮಾತಿಗೆ ಆ ಶಿಷ್ಯನ ಮುಖ ಹೇಗಾಯಿತು ಎಂದು ಕೇಳಿದರು. ಹೇಳಿದೆ. "ಇನ್ನೊಂದ್ಸಲ ಏಳಿ" ಎಂದರು. ಮತ್ತೆ ಹೇಳಿದೆ. ಮೂರನೆಯ ಸಲ ಸ್ವಲ್ಪ ಸೇರಿಸಿಯೇ ಹೇಳಿದೆ. ಅವರು ಉಸಿರು ಬಿಗಿಹಿಡಿದು ಕೇಳುತ್ತಿದ್ದರು, ಕೈ ನಿಂತಿತ್ತು. ನಾನು ಅವರನ್ನು ಕಂಡಿದ್ದು ಅದೇ ಕೊನೆ.