ಅಪ್ಪ ಕಿತ್ತ ತುಂಬೆ ಹೂ

ಆಗ ನನಗೆ ಒಂಬತ್ತು. ಅರವತ್ತೈದು ವರ್ಷದ ಹಿಂದಿನ ಮಾತು. ನಮ್ಮಪ್ಪ ಮಾದಯ್ಯ ಎಲ್ಲಿ ಕುಳಿತರೂ ಅವನ ಕೈ ನೆಲದ ಮೇಲೆ ಹರಿದಾಡುತ್ತಿತ್ತು. ಮಾತಾಡುತ್ತಲೇ ಕಳೆ ಕೀಳುತ್ತಿದ್ದ. ಒಮ್ಮೆ ಬೀಗರ ಮನೆಯ ಮದುವೆಗೆ ಹೋದವನು ಊಟಕ್ಕೆ ಕರೆಯುವಷ್ಟರಲ್ಲಿ ಚಪ್ಪರದ ಸುತ್ತಲಿನ ಗರಿಕೆಯನ್ನೆಲ್ಲ ಕಿತ್ತು ಗುಡ್ಡೆ ಹಾಕಿದ್ದ. "ಮದ್ವೆಗೆ ಬಂದ್ಯೋ ಕೂಲಿಗೆ ಬಂದ್ಯೋ?" ಎಂದು ಬೀಗರು ನಕ್ಕರೂ ಅವನಿಗೆ ನಾಚಿಕೆಯಿಲ್ಲ.

ಅಪ್ಪ ಪೇಟೆಯ ಯಾದವಗಿರಿ ಬಡಾವಣೆಯ ಒಂದು ಬಂಗಲೆಯಲ್ಲಿ ಮಾಲಿ. ನಮ್ಮ ಮನೆ ಬೆಟ್ಟದ ಬುಡದಲ್ಲಿ. ದಿನಾ ನಡೆದೇ ಹೋಗಿ ಬರುತ್ತಿದ್ದ. ಮಣ್ಣಿನಿಂದ ಎಳೆ ಎಲೆ ಮೇಲೆ ಬಂದರೆ ಸಾಕು, ಯಾವುದು ಗಿಡ ಯಾವುದು ಕಳೆ ಎಂದು ಹೇಳುವನು. ಅದೊಂದೇ ಅವನ ವಿದ್ಯೆ. ಅಷ್ಟು ಹೂ ಬೆಳೆಸಿದರೂ ಒಂದನ್ನೂ ಮನೆಗೆ ತಂದವನಲ್ಲ. "ನಾವ್ ನೀರುಯ್ದ ಹೂವ ದಣಿಗೆ, ಮಳೆ ನೀರುಯ್ದ ಹೂವ ದ್ಯಾವ್ರಿಗೆ" ಅನ್ನುತ್ತಿದ್ದ. ಅದಕ್ಕೇ ಶ್ರಾವಣದ ಕೊನೆಯ ಸೋಮವಾರ ನಾವೆಲ್ಲ ಮೆಟ್ಟಿಲು ಬಿಟ್ಟು, ಹಿಂಬದಿಯ ಏಣು ಹಿಡಿದು, ಬೆಟ್ಟದ ಬೆನ್ನಿನ ಮೇಲೆಯೇ ಹತ್ತುತ್ತಿದ್ದೆವು. ದಾರಿಯಲ್ಲಿ ತುಂಬೆ ಹೂ ಕಿತ್ತು ಮೇಲಿನ ಈಶ್ವರನಿಗೆ ಕೊಡುವುದು. ಅವರವರ ಹೂವನ್ನು ಅವರವರೇ ಕೀಳಬೇಕು.

ಆ ವರ್ಷ ಹತ್ತುವುದಕ್ಕೆ ಹದಿನೈದು ದಿನ ಮುಂಚೆ ಬಂಗಲೆಯಲ್ಲಿ ಅನಾಹುತವಾಗಿತ್ತು. ಅಪ್ಪ ಆಸ್ಟರ್ ಹೂವಿನ ಸಸಿಗಳನ್ನೆಲ್ಲ ಕಿತ್ತೆಸೆದು, ಕಳೆಯನ್ನು ಉಳಿಸಿ, ಅದಕ್ಕೆ ನೀರು ಹಾಕಿ ಬಂದಿದ್ದ. ಇನ್ನೊಮ್ಮೆ ಹೀಗಾದರೆ ಬೇರೆ ಮಾಲಿಯನ್ನು ನೋಡಿಕೊಳ್ಳುತ್ತೇನೆ ಎಂದು ಬಂಗಲೆಯ ಅಮ್ಮಾವ್ರು ಹೇಳಿದ್ದರು. "ಬಿಸ್ಲಿಗೆ ತಲೆ ತಿರುಗ್ಬುಡ್ತು" ಎಂದು ಅಪ್ಪ ಮನೆಯಲ್ಲಿ ಹೇಳಿದ್ದ.

ಏಣಿನ ತುಂಬ ತಂಗಡಿ ಹೂವಿನ ಹಳದಿ, ಅದರ ಕೆಳಗೆ ಬೆಳ್ಳಗೆ ತುಂಬೆ. ಬೆಟ್ಟದ ತಲೆಯ ಮೇಲೆ ಮೋಡ ಕೂತಿತ್ತು. ಯಾವಾಗಲೂ ಮುಂದೆ ನಡೆಯುವ ಅಪ್ಪ ಅವತ್ತು ಅವ್ವನ ಹಿಂದೆಯೇ ಬಂದ. ಆರು ವರ್ಷದ ತಂಗಿಯೂ ಅವನನ್ನು ದಾಟಿ ಹೋದಳು. ಗುಡಿಯ ಮುಂದೆ ಎಲ್ಲರೂ ಹೂ ತೆಗೆದೆವು. ಅಪ್ಪನ ಟವೆಲು ಬಿಚ್ಚಿದರೆ ಅರ್ಧ ಹುಲ್ಲಿನ ತೆನೆ, ಅರ್ಧ ಅಣ್ಣೆಸೊಪ್ಪಿನ ಹೂ. ತುಂಬೆ ಒಂದು ಹಿಡಿಯೂ ಇಲ್ಲ.

"ಅಪ್ಪಾ, ನಿಂಗೆ ಕಣ್ಣು ಕಾಣಾಕಿಲ್ವಾ?" ಎಂದುಬಿಟ್ಟೆ. ನನ್ನ ಬಾಯಿ ಆಗಲೂ ಹೀಗೇ.

ಅವ್ವ ತೊಡೆ ಚಿವುಟಿದಳು. ಅಪ್ಪ ಹೂವನ್ನು ಹೊಸಕಿ ಮೂಸಿದ. "ಬೆಳಕು ಕಾಣ್ತದೆ ಕಣವ್ವ, ಎಲೆ ಕಾಣಾಕಿಲ್ಲ. ಯುಗಾದಿಯಿಂದ ಇಂಗೇ. ಬೆರಳೂ ಕೊರಡಾಗವೆ, ಮುಟ್ಟಿದ್ರೂ ಗೊತ್ತಾಗಾಕಿಲ್ಲ. ಅಮ್ಮಾವ್ರಿಗೆ ತಿಳಿದ್ರೆ ಮುಗೀತು."

"ನಂಗ್ ಗೊತ್ತಿತ್ತು," ಅಂದಳು ಅವ್ವ. "ಬಾಯ್ಬುಟ್ಟು ಏಳಿದ್ರೆ ನಿಜ ಆಗ್ಬುಡ್ತದೆ ಅಂತ ಸುಮ್ನಿದ್ದೆ. ಈ ಮೂದೇವಿ ಏಳ್ಬುಡ್ತು."

ಪೂಜಾರಪ್ಪನವರು ಟವೆಲಿನಲ್ಲಿದ್ದದ್ದನ್ನು ಹುಲ್ಲಿನ ಸಮೇತ ತಟ್ಟೆಗೆ ಸುರಿದುಕೊಂಡರು.

ಇಳಿಯುವಾಗ ಅಪ್ಪ ನನ್ನ ಹೆಗಲು ಹಿಡಿದಿದ್ದ. ಅಲ್ಲಲ್ಲಿ ನನ್ನನ್ನು ಕೂರಿಸಿ, "ಈ ಎಲೆ ಎಂಗದೆ ಏಳು" ಅನ್ನುವನು. ಅಂಚು ಗರಗಸದ ಹಾಗಿದೆಯೋ, ಮೈಮೇಲೆ ಕೂದಲಿದೆಯೋ, ಕಾಂಡ ಕೆಂಪೋ. ನಾನು ಹೇಳಿದರೆ ಅವನು ಹೆಸರು ಹೇಳುವನು. ಅರ್ಧ ದಾರಿಯಲ್ಲಿ ಕೇಳಿದ: "ನೀನೀಗ ಎಷ್ಟ್ನೇ ಕಿಳಾಸು?"

"ಮೂರು."

"ಎಸ್ರು ಬರ್ಯಾಕೆ ಬತ್ತದಾ?"

"ಬತ್ತದೆ."

"ಅಷ್ಟು ಓದು ಸಾಕು ಬುಡಿ," ಅಂದಳು ಅವ್ವ. ಅಪ್ಪ ಬೇಡ ಅನ್ನಲಿಲ್ಲ.

ಆಮೇಲೆ ಅವನು ಏಳು ವರ್ಷ ಬದುಕಿದ್ದ. ಕೊನೆಯವರೆಗೂ ಅದೇ ಬಂಗಲೆಯ ಮಾಲಿ. ಸತ್ತ ಸುದ್ದಿ ಹೇಳಲು ಹೋದಾಗ ಅಮ್ಮಾವ್ರು, "ಏನು ಚುರುಕು ಕಣ್ಣಿತ್ತು ಕಣೇ ನಿಮ್ಮಪ್ಪಂಗೆ" ಅಂದರು. ನಾನು ಬಾಯಿ ಮುಚ್ಚಿಕೊಂಡಿದ್ದೆ.

ಬೆಟ್ಟ ಇಳಿದ ಮರುದಿನ ಬೆಳಿಗ್ಗೆ ನನ್ನ ಸ್ಲೇಟನ್ನು ತಂಗಿಗೆ ಕೊಟ್ಟೆ. ಅಪ್ಪನ ಕುಡುಗೋಲು ತೆಗೆದುಕೊಂಡು ಯಾದವಗಿರಿಯವರೆಗೂ ಅವನ ಮುಂದೆ ನಡೆದೆ. ಮತ್ತೆ ಬಿತ್ತಿದ ಆಸ್ಟರ್ ಪಾತಿಯಲ್ಲಿ ಸಸಿಯೂ ಎದ್ದಿತ್ತು, ಕಳೆಯೂ ಎದ್ದಿತ್ತು. ಅಮ್ಮಾವ್ರು ಜಗಲಿಯಲ್ಲಿ ಕುಳಿತು ನೋಡುತ್ತಿದ್ದರು. ಅಪ್ಪನ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕುಳಿತೆ.

"ಅಂಚು ಗರಗಸ, ಕೂದ್ಲದೆ," ಎಂದು ಮೆಲ್ಲಗೆ ಹೇಳಿದೆ.

"ಬುಡು."

"ಇದು ನುಣ್ಣಗದೆ. ಕಾಂಡ ಕೆಂಪು."

"ಕೀಳು."

ಕಿತ್ತೆ.